ಉಬ್ಬುಗನ್ನಡಿಯನ್ನು ಎಷ್ಟು ನಂಬಬಹುದು?

ಟಿ. ನಗರದ ನಮ್ಮ ಕನ್ನಡದ ಮಕ್ಕಳೇ, ನಿಮ್ಮಲ್ಲಿ ಹಲವರು ಈಗ ಸ್ಕೂಟರ್ ಏರಿ ಕಾಲೇಜಿಗೂ ಕೆಲಸಕ್ಕೂ ಹೋಗುತ್ತಿದ್ದೀರಿ. ಅದರ ಪಕ್ಕದ ಕನ್ನಡಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಆದರೂ ಈ ಪಾಠಕ್ಕೆ ಪ್ರಯೋಗಶಾಲೆ ಬೇಡ. ರಂಗನಾಥನ್ ಬೀದಿಯ ಪಾತ್ರೆ ಅಂಗಡಿಯ ಹೊಳೆಯುವ ಸ್ಟೀಲ್ ಚಮಚ ಒಂದಿದ್ದರೆ ಸಾಕು.

ಚಮಚದ ಒಳಬದಿಯನ್ನು ಮುಖಕ್ಕೆ ಹಿಡಿಯಿರಿ. ಮುಖ ತಲೆಕೆಳಗಾಗಿ ಕಾಣುತ್ತದೆ. ಇದು ತಗ್ಗುಗನ್ನಡಿ, ಪಠ್ಯಪುಸ್ತಕದ ನಿಮ್ನ ದರ್ಪಣ. ಇದರ ಮೇಲೆ ಬಿದ್ದ ಬೆಳಕಿನ ಕಿರಣಗಳು ಒಳಕ್ಕೆ ಬಾಗಿ, ಕನ್ನಡಿಯ ಮುಂದೆಯೇ ಕೂಡಿಕೊಳ್ಳುತ್ತವೆ. ಹಣೆಯಿಂದ ಬಂದವು ಕೆಳಗೆ, ಗಲ್ಲದಿಂದ ಬಂದವು ಮೇಲೆ ಸೇರುವುದರಿಂದ ಬಿಂಬ ತಲೆಕೆಳಗು.

ಬೆಳಕನ್ನು ಹೀಗೆ ಒಂದೆಡೆ ಕೂಡಿಸುವ ಗುಣವೇ ದೂರದರ್ಶಕದ ಜೀವಾಳ. ಬೆಂಗಳೂರು ರೈಲಿನಲ್ಲಿ ವಾಣಿಯಂಬಾಡಿ ದಾಟುತ್ತೀರಲ್ಲ, ಅದರ ಸಮೀಪದ ಜವಾದಿ ಬೆಟ್ಟಗಳಲ್ಲಿ ಕಾವಲೂರು ಇದೆ. ಅಲ್ಲಿ 1986ರಲ್ಲಿ ಉದ್ಘಾಟನೆಯಾದ ವೇಣು ಬಾಪು ದೂರದರ್ಶಕದ ತಗ್ಗುಗನ್ನಡಿಯ ಅಗಲ 2.34 ಮೀಟರ್. ಅದನ್ನು ಉಜ್ಜಿ ನಯಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲೇ!

ಈಗ ಚಮಚ ತಿರುಗಿಸಿ. ಬೆನ್ನಿನ ಕಡೆ ಮುಖ ನೇರವಾಗಿದೆ, ಆದರೆ ಪುಟ್ಟದು. ಜೊತೆಗೆ ಇಡೀ ಕೋಣೆಯೇ ಕಾಣುತ್ತದೆ. ಇದು ಉಬ್ಬುಗನ್ನಡಿ, ಅಂದರೆ ಪೀನ ದರ್ಪಣ. ಇಲ್ಲಿ ಕಿರಣಗಳು ಕೂಡುವುದಿಲ್ಲ, ಚದುರುತ್ತವೆ. ಕನ್ನಡಿಯ ಹಿಂದಿನಿಂದ ಬಂದಂತೆ ಕಣ್ಣಿಗೆ ತೋರುತ್ತವೆ, ಅಷ್ಟೇ.

ಸ್ಕೂಟರು, ಕಾರುಗಳ ಪಕ್ಕದ ಕನ್ನಡಿಗಳಲ್ಲಿ ಬಹುಪಾಲು ಈ ಜಾತಿಯವು. ಹಿಂದಿನ ರಸ್ತೆ ಅಗಲವಾಗಿ ಕಾಣಲಿ ಎಂಬುದೇ ಉದ್ದೇಶ. ಆದರೆ ಅಗಲ ಕೊಟ್ಟು ಗಾತ್ರವನ್ನು ಕಿತ್ತುಕೊಳ್ಳುತ್ತದೆ. ಚಿಕ್ಕದಾಗಿ ಕಂಡದ್ದು ದೂರವಿದೆ ಎಂದುಕೊಳ್ಳುವುದು ನಮ್ಮ ಮನಸ್ಸಿನ ರೂಢಿ. ಒಂದು ಲೆಕ್ಕ ನೋಡಿ: ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್, ಕಣ್ಣಿಗೂ ಕನ್ನಡಿಗೂ ಅಂತರ 60 ಸೆಂಟಿಮೀಟರ್ ಎನ್ನೋಣ. ಆಗ 12 ಮೀಟರ್ ಹಿಂದಿರುವ ಬಸ್ಸು ಸುಮಾರು 24 ಮೀಟರ್ ದೂರವಿದ್ದಷ್ಟು ಚಿಕ್ಕದಾಗಿ ಕಾಣುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಬಸ್ಸು ಆ 12 ಮೀಟರನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಮಯದಲ್ಲಿ ದಾಟಿಬಿಡುತ್ತದೆ.

ಆದ್ದರಿಂದ ಉಸ್ಮಾನ್ ರಸ್ತೆಯಲ್ಲಿ ಪಕ್ಕಕ್ಕೆ ಸರಿಯುವ ಮುನ್ನ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಕತ್ತು ತಿರುಗಿಸಿ ಒಮ್ಮೆ ಕಣ್ಣಾರೆ ನೋಡಿ. ಹಿಂದೆ ಏನು ಬರುತ್ತಿದೆ ಎಂದು ಕನ್ನಡಿ ಹೇಳುತ್ತದೆ. ಎಷ್ಟು ಹತ್ತಿರ ಬಂದಿದೆ ಎಂಬುದನ್ನು ನೀವೇ ನೋಡಿಕೊಳ್ಳಬೇಕು.