ಮಗುವಿನ ಪ್ರೋಟೀನು, ಕ್ಯಾನ್ಸರಿನ ಸುಳಿವು

ಗರ್ಭದಲ್ಲಿರುವ ಮಗುವಿನ ಯಕೃತ್ತು ಆಲ್ಫಾ ಫೀಟೋಪ್ರೋಟೀನ್, ಚಿಕ್ಕದಾಗಿ ಎಎಫ್‌ಪಿ, ಎಂಬ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ಕೆಲಸ ಕಡಿಮೆಯಾಗುತ್ತಾ ಬಂದು, ವರ್ಷ ತುಂಬುವ ಹೊತ್ತಿಗೆ ರಕ್ತದಲ್ಲಿ ತೀರಾ ಅಲ್ಪ ಪ್ರಮಾಣ ಉಳಿಯುತ್ತದೆ. ಆದರೆ ಯಕೃತ್ತಿನ ಜೀವಕೋಶ ಕ್ಯಾನ್ಸರಿಗೆ ತಿರುಗಿದಾಗ, ಸುಮ್ಮನಾಗಿದ್ದ ಆ ಜೀನ್ ಮತ್ತೆ ಎಚ್ಚರಗೊಳ್ಳಬಹುದು. 1963ರಲ್ಲಿ ಸೋವಿಯತ್ ವಿಜ್ಞಾನಿ ಗಾರಿ ಅಬೆಲೆವ್ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿದರು. ಮರುವರ್ಷ ಯೂರಿ ತತಾರಿನೊವ್ ರೋಗಿಗಳ ರಕ್ತದಲ್ಲೂ ಅದನ್ನು ಗುರುತಿಸಿದರು.

ರೋಗ ಪತ್ತೆಗಷ್ಟೇ ಅಲ್ಲ, ಚಿಕಿತ್ಸೆಯ ನಂತರದ ಬದುಕನ್ನು ಅಂದಾಜಿಸಲೂ ಎಎಫ್‌ಪಿ ನೆರವಾಗುತ್ತದೆ. ಅದು ಬಹಳ ಏರಿದ್ದರೆ, ಗೆಡ್ಡೆ ರಕ್ತನಾಳಗಳಿಗೆ ನುಗ್ಗಿರುವ ಸಂಭವ ಹೆಚ್ಚು. ಯಕೃತ್ತಿನ ಕಸಿಗೆ ಯಾರು ಅರ್ಹರು ಎಂಬುದನ್ನು 1996ರ ಮಿಲಾನ್ ಮಾನದಂಡ ಗೆಡ್ಡೆಗಳ ಗಾತ್ರ, ಸಂಖ್ಯೆಗಳ ಮೇಲೆ ನಿರ್ಧರಿಸುತ್ತಿತ್ತು. 2012ರಲ್ಲಿ ಫ್ರಾನ್ಸಿನ ವೈದ್ಯರು ಆ ಲೆಕ್ಕಕ್ಕೆ ಎಎಫ್‌ಪಿಯನ್ನೂ ಸೇರಿಸಿದರು. ಮಿಲಿಲೀಟರಿಗೆ 1000 ನ್ಯಾನೋಗ್ರಾಂ ದಾಟಿದವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚೆಂದು ಅವರು ಕಂಡುಕೊಂಡಿದ್ದರು.

ಚಿಕಿತ್ಸೆಯಾದ ಮೇಲೆ ಮುಖ್ಯವಾಗುವುದು ಇಳಿಕೆಯ ವೇಗ. ರಕ್ತದಲ್ಲಿರುವ ಎಎಫ್‌ಪಿ ಸುಮಾರು ಐದು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಗೆಡ್ಡೆಯನ್ನು ಪೂರ್ತಿ ತೆಗೆದಿದ್ದರೆ 800 ಇದ್ದದ್ದು ಐದು ದಿನಕ್ಕೆ 400, ಹತ್ತಕ್ಕೆ 200 ಆಗುತ್ತಾ ಐದು ವಾರಗಳಲ್ಲಿ 10ಕ್ಕಿಂತ ಕೆಳಗೆ ಬರಬೇಕು. ನಡುವೆ ಎಲ್ಲೋ ನಿಂತುಬಿಟ್ಟರೆ, ಕ್ಯಾನ್ಸರ್ ಜೀವಕೋಶಗಳು ಎಲ್ಲೋ ಉಳಿದಿರಬಹುದು. ಇಳಿದದ್ದು ಮತ್ತೆ ಏರತೊಡಗಿದರೆ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ವೈದ್ಯರು ಎಚ್ಚರವಾಗುತ್ತಾರೆ.

ಆದರೂ ಎಎಫ್‌ಪಿಯನ್ನೊಂದೇ ನಂಬುವಂತಿಲ್ಲ. ಯಕೃತ್ತಿನ ಕ್ಯಾನ್ಸರ್ ಇರುವ ಅನೇಕರಲ್ಲಿ ಅದು ಏರುವುದೇ ಇಲ್ಲ. ಬಸಿರಿನಲ್ಲಿ, ಹೆಪಟೈಟಿಸ್ ಉಲ್ಬಣಿಸಿದಾಗ ಕ್ಯಾನ್ಸರಿಲ್ಲದೆಯೂ ಏರುತ್ತದೆ. ಹಾಗಾಗಿ ಪಿವ್ಕಾ-2 ಎಂಬ ಇನ್ನೊಂದು ಸೂಚಕವನ್ನೂ ನೋಡುವುದುಂಟು. ಇದು ರಕ್ತ ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್‌ನ ಅರೆಬೆಂದ ರೂಪ. ವಿಟಮಿನ್ ಕೆ ಕೊರತೆಯಿದ್ದರೆ, ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಇದೂ ಏರಿಬಿಡುತ್ತದೆ. ಯಕೃತ್ತಿಗೆ ಎಷ್ಟು ಶಕ್ತಿ ಉಳಿದಿದೆ, ಸ್ಕ್ಯಾನ್ ಏನನ್ನುತ್ತದೆ ಎಂಬುದರ ಜೊತೆಗಿಟ್ಟಾಗಲೇ ಈ ಅಂಕಿಗಳಿಗೆ ಅರ್ಥ.

ಒಂದು ರಿಪೋರ್ಟಿನ ಅಂಕಿ ನೋಡಿ ಎದೆಗುಂದಬೇಡಿ, ನಿರಾಳವಾಗಿ ಮೈಮರೆಯಲೂಬೇಡಿ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ವೈದ್ಯರ ಮುಂದಿಡಿ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಆ ಸಾಲಿನಲ್ಲಿ ಕಾಣುತ್ತದೆ. ಮುಂದಿನ ಚಿಕಿತ್ಸೆಗೆ ಬೇಕಾದದ್ದು ಅದೇ.