ಬಾಗಿಲು ಮುಚ್ಚಿದರೂ ಬಿಸಿಯಾಗದ ಓವನ್



ಮಕ್ಕಳು ಹೊಸೂರಿನ ಕಾರ್ಖಾನೆಗಳಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಹಳ್ಳಿಯ ಅಡುಗೆಮನೆಗಳಿಗೂ ಮೈಕ್ರೋವೇವ್ ಓವನ್ ಬಂದಿದೆ. ಹೊಲದಿಂದ ತಡವಾಗಿ ಬಂದವರಿಗೆ ತಣ್ಣಗಾದ ಸಾರನ್ನು ಎರಡು ನಿಮಿಷದಲ್ಲಿ ಬಿಸಿ ಮಾಡಿಕೊಡುವ ಪೆಟ್ಟಿಗೆ ಅದು. ಆದರೆ ಅದು ಕೆಟ್ಟಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಬಹಳ ಮಂದಿಗೆ ತಿಳಿಯದು.

ಕಳೆದ ಮಳೆಗಾಲದಲ್ಲಿ ನಮ್ಮ ಗುರುಮನೆಯ ಓವನ್ ತಕರಾರು ಮಾಡಿತು. ಬಾಗಿಲನ್ನು ಕೈಯಿಂದ ಒತ್ತಿ ಹಿಡಿದರೆ ಮಾತ್ರ ಓಡುತ್ತಿತ್ತು. ಕೆಲವು ದಿನ ಹಾಗೆಯೇ ನಡೆಸಿದೆವು. ಕೊನೆಗೆ ಫ್ಯೂಸೇ ಹೋಯಿತು. ನೋಡಲು ಬಂದ ರಿಪೇರಿಯವನು, "ಸ್ವಾಮಿ, ಬಾಗಿಲಿನ ಸ್ವಿಚ್ಚಿಗೆ ಒಂದು ತುಂಡು ವೈರ್ ಹಾಕಿ ಡೈರೆಕ್ಟ್ ಮಾಡ್ತೀನಿ, ನೂರು ರೂಪಾಯಿ ಸಾಕು" ಎಂದ. ನಾವು ಒಪ್ಪುವುದರಲ್ಲಿದ್ದೆವು. ಒಪ್ಪಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿದುಕೊಳ್ಳೋಣ.

ಪಂಪ್‌ಸೆಟ್ಟಿನ ಸ್ಟಾರ್ಟರ್ ನಿಮಗೆಲ್ಲ ಗೊತ್ತು. ಸ್ಟಾಪ್ ಬಟನ್ ಒತ್ತಿದೊಡನೆ ಕಾಯಿಲ್‌ಗೆ ಹೋಗುವ ಕರೆಂಟು ಕಡಿದು ಮೋಟಾರ್ ನಿಲ್ಲುತ್ತದೆ. ಓವನ್ನಿಗೆ ಬಾಗಿಲೇ ಸ್ಟಾಪ್ ಬಟನ್. ಬಾಗಿಲಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ಕೊಂಡಿಗಳು ಒಳಗೆ ಹೋಗಿ ಸಣ್ಣ ಸ್ವಿಚ್ಚುಗಳನ್ನು ಒತ್ತುತ್ತವೆ. ಸಾಮಾನ್ಯವಾಗಿ ಮೂರು ಸ್ವಿಚ್ಚುಗಳಿರುತ್ತವೆ. ಎರಡು, ಬಾಗಿಲು ತೆರೆದಾಗ ಕರೆಂಟು ಕಡಿಯಲು. ಮೂರನೆಯದು ಕಾವಲುಗಾರ. ಕರೆಂಟು ಕಡಿಯಬೇಕಾದ ಸ್ವಿಚ್ಚಿನ ಕಂಟಾಕ್ಟ್ ಸುಟ್ಟು ಅಂಟಿಕೊಂಡಿದ್ದರೆ, ಬಾಗಿಲು ತೆರೆದಾಗ ಈ ಕಾವಲುಗಾರ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತಾನೆ. ಅಮೆರಿಕದಲ್ಲಿ 1971ರಿಂದಲೇ ಓವನ್ನಿನಿಂದ ಸೋರುವ ಅಲೆಗಳಿಗೆ ಕಾನೂನಿನ ಮಿತಿ ಇದೆ. ಪಾಶ್ಚಾತ್ಯ ಮನೆಗಳಲ್ಲಿ ತಮ್ಮೊಳಗಿನ ಜಿಡ್ಡನ್ನು ತಾವೇ ಸುಟ್ಟುಕೊಳ್ಳುವ ದೊಡ್ಡ ಓವನ್‌ಗಳಿವೆ. ಅವುಗಳ ಶಾಖ ಸುಮಾರು 480 ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ, ತಣ್ಣಗಾಗುವ ತನಕ ಬಾಗಿಲಿಗೆ ಬೀಗವೇ ಬೀಳುತ್ತದೆ.

ಲಕ್ಷಣಗಳಿಂದ ದೋಷವನ್ನು ಹೀಗೆ ಗುರುತಿಸಬಹುದು:

1. ಬಾಗಿಲು ಒತ್ತಿ ಹಿಡಿದರೆ ಮಾತ್ರ ಓಡಿದರೆ, ಕೊಂಡಿ ಸವೆದಿದೆ, ಇಲ್ಲವೇ ಬಾಗಿಲಿನ ಕೀಲು ಸಡಿಲವಾಗಿದೆ.

2. ದೀಪ ಉರಿದರೂ ಬಟನ್ ಒತ್ತಿದಾಗ ಓಡದಿದ್ದರೆ, ಮಕ್ಕಳು ಚೈಲ್ಡ್ ಲಾಕ್ ಒತ್ತಿದ್ದಾರೆಯೇ ಎಂದು ಮೊದಲು ನೋಡಿ. ಅದಲ್ಲವಾದರೆ ಸ್ವಿಚ್ಚಿನ ಕಂಟಾಕ್ಟ್ ಸುಟ್ಟಿರಬಹುದು.

3. ಬಾಗಿಲು ತೆರೆಯುವಾಗಲೋ ಮುಚ್ಚುವಾಗಲೋ ಫ್ಯೂಸ್ ಹೋದರೆ, ಸ್ವಿಚ್ಚು ಅಂಟಿಕೊಂಡಿರುವ ಸಂಶಯ ಬಲವಾಗಿರುತ್ತದೆ. ಬರೀ ಫ್ಯೂಸ್ ಬದಲಿಸಿದರೆ ಸಾಲದು.

4. ಬಾಗಿಲು ತೆರೆದರೂ ಬಿಸಿ ಮಾಡುವುದು ನಿಲ್ಲಲಿಲ್ಲವಾದರೆ, ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ ಕೀಳಿ. ರಿಪೇರಿಯಾಗುವ ತನಕ ಅದನ್ನು ಮುಟ್ಟಬೇಡಿ.

ಮನೆಯಲ್ಲಿ ನಾವು ಮಾಡಬಹುದಾದದ್ದು ಇಷ್ಟೇ. ಪ್ಲಗ್ ಕಿತ್ತು, ಕೊಂಡಿಗಳನ್ನೂ ಅವು ಹೋಗುವ ತೂತುಗಳ ಹೊರಭಾಗವನ್ನೂ ಒಣಬಟ್ಟೆಯಿಂದ ಒರೆಸಿ. ಜಿಡ್ಡು, ಇರುವೆ, ಜಿರಳೆ ಅಲ್ಲಿ ಸೇರುತ್ತವೆ. ಕೊಂಡಿ ಮುರಿದಿದೆಯೇ, ಬಾಗಿಲು ವಾಲಿದೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಮಾತ್ರ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ, ನೀರು ಬಿಸಿಯಾಗಬೇಕು.

ಹೊರಗಿನ ತಗಡನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟಿಗೂ ಹೆಚ್ಚು ಇರಬಹುದು. ಪ್ಲಗ್ ಕಿತ್ತ ಮೇಲೂ ಅದು ಉಳಿದು ಪ್ರಾಣ ತೆಗೆಯಬಲ್ಲದು. ತಿಳಿದ ಮೆಕ್ಯಾನಿಕ್ ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಮೀಟರಿನಿಂದ ಒಂದೊಂದು ಸ್ವಿಚ್ಚನ್ನೂ ಪರೀಕ್ಷಿಸುತ್ತಾನೆ. ಮೊದಲಿನ ಎರಡು ಒತ್ತಿದಾಗ ಕೂಡಬೇಕು, ಬಿಟ್ಟಾಗ ಕಡಿಯಬೇಕು. ಕಾವಲು ಸ್ವಿಚ್ಚು ಇದಕ್ಕೆ ತದ್ವಿರುದ್ಧ. ಕೆಟ್ಟದ್ದಕ್ಕೆ ಅದೇ ಅಳತೆಯ ಸ್ವಿಚ್ಚನ್ನೇ ಹಾಕಿಸಬೇಕು. ಕೊನೆಗೆ ಅಲೆ ಸೋರುತ್ತಿಲ್ಲವೆಂದು ಪರೀಕ್ಷೆ ಮಾಡಿಸಬೇಕು.

ವೈರ್ ಹಾಕಿ ಡೈರೆಕ್ಟ್ ಮಾಡಿದರೆ ಬಾಗಿಲು ತೆರೆದಿರುವಾಗಲೂ ಓವನ್ ಓಡಬಹುದು. ಸಾರನ್ನು ಕಾಯಿಸುವ ಅಲೆಗಳೇ ಕೈಯನ್ನೂ ಕಣ್ಣನ್ನೂ ಕಾಯಿಸುತ್ತವೆ. ಕಣ್ಣಿನ ಮಸೂರಕ್ಕೆ ರಕ್ತ ಹರಿಯದ ಕಾರಣ ಆ ಶಾಖ ಬೇಗ ಇಳಿಯದು, ಪೊರೆ ಬರಬಹುದು. ಓವನ್ ಮುಂದೆ ಬಗ್ಗಿ ನೋಡುವವರು ಹೆಚ್ಚಾಗಿ ಮಕ್ಕಳೇ ಅಲ್ಲವೇ? ಹಾಗೆಂದು ಸರಿಯಾಗಿರುವ ಓವನ್ನಿಗೆ ಹೆದರಬೇಕಾಗಿಲ್ಲ. ಕರೆಂಟು ನಿಂತೊಡನೆ ಅಲೆಗಳೂ ನಿಲ್ಲುತ್ತವೆ. ಊಟದಲ್ಲಿ ಏನೂ ಉಳಿಯುವುದಿಲ್ಲ.

ನಾವು ಆ ರಿಪೇರಿಯವನನ್ನು ಕಳುಹಿಸಿ, ಬೇರೆ ಮೆಕ್ಯಾನಿಕ್‌ನಿಂದ ಮೂರು ಸ್ವಿಚ್ಚನ್ನೂ ಬದಲಾಯಿಸಿಕೊಂಡೆವು. ಖರ್ಚು ನೂರು ರೂಪಾಯಿಗಿಂತ ಹೆಚ್ಚೇ ಆಯಿತು. ಅದೇ ವಾರ ಗುರುಮನೆಯ ತೋಟದ ಮೋಟಾರ್ ಪೆಟ್ಟಿಗೆಯನ್ನೂ ತೆರೆದು ನೋಡಿದೆವು. ಫ್ಯೂಸ್ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ ಇತ್ತು. ಅದನ್ನು ಹಾಕಿಸಿದವರು ನಾವೇ. ನಿಮ್ಮ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಏನಿದೆ? ಈ ವಾರ ಕರೆಂಟು ತೆಗೆದು, ತಿಳಿದವರಿಂದ ಒಮ್ಮೆ ನೋಡಿಸಿ.