ಹಳೇ ಹೆವಿ ಮೆಟಲ್ ರೆಕಾರ್ಡ್ ಕೊಳ್ತೀರಾ? ದುಡ್ಡು ಕೊಡೋ ಮುನ್ನ ಲೇಬಲ್ ನೋಡಿ

ಬ್ರಿಟನ್ನಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ವರ್ಟಿಗೋ ಲೇಬಲ್‌ನಲ್ಲಿ ಹೊರಬಂತು. ಹೆವಿ ಮೆಟಲ್ ಶುರುವಾಗಿದ್ದೇ ಇಲ್ಲಿಂದ ಅಂತಾರೆ ಅಭಿಮಾನಿಗಳು. ಹಾಗಾಗಿ ಮೊದಲ ಮುದ್ರಣಕ್ಕೆ ಭಾರೀ ಬೇಡಿಕೆ, ಬೆಲೆಯೂ ದುಬಾರಿ.

ಆದರೆ ಇದೇ ಆಲ್ಬಂ ಮುಂದೆ ಹಲವು ಸಲ ಮರುಮುದ್ರಣವಾಗಿದೆ. ಬರೀ ಕವರ್ ನೋಡಿ ಕೊಂಡ್ರೆ ಮೋಸ ಹೋಗೋದು ಗ್ಯಾರಂಟಿ. ಹಾಗಾದ್ರೆ ಪತ್ತೆ ಹೇಗೆ?

ಲೇಬಲ್: ಮೊದಲ ಬ್ರಿಟಿಷ್ ಮುದ್ರಣದಲ್ಲಿ ಕಪ್ಪು–ಬಿಳಿ ಸುರುಳಿ ಇರುತ್ತೆ. ತಟ್ಟೆ ತಿರುಗಿದಾಗ ಕಣ್ಣನ್ನೇ ಒಳಗೆಳೆದಂತಾಗುತ್ತೆ. ಡಬ್ಲ್ಯುಡಬ್ಲ್ಯುಎ ಅಥವಾ ನೆಮ್ಸ್ ಹೆಸರಿದ್ರೆ ಅದು ನಂತರದ್ದು.

ಸಂಖ್ಯೆ: ಈಗಿನ ಮರುಮುದ್ರಣಗಳಲ್ಲೂ ಸುರುಳಿ ಇರಬಹುದು. ಅದಕ್ಕೇ ‘ವಿಓ 6’ ಸಂಖ್ಯೆ ನೋಡಿ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೆತ್ತಿರೋ ಅಕ್ಷರಗಳನ್ನೂ ತಾಳೆ ಹಾಕಿ.

ಸ್ಥಿತಿ: ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಸಾಧ್ಯವಾದ್ರೆ ಹಾಕಿಸಿ, ಕೇಳಿ. ಆಮೇಲಷ್ಟೇ ಜೇಬಿಗೆ ಕೈ ಹಾಕಿ.